ಧರ್ಮಪತ್ನೀ ಸಮೇತಸ್ಯ

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಪುರೋಹಿತ ಸೀತಾರಾಮಯ್ಯನವರನ್ನು ಗೊತ್ತಿಲ್ಲದವರು ಕಡಿಮೆ. ಗೊತ್ತಿದ್ದವರೆಲ್ಲ ಅವರ ಮೇಲೆ ಹೇಳುವ ದೂರು ಒಂದೇ. ಮನುಷ್ಯ ಒಳ್ಳೆಯವರು, ಆದರೆ ಸಂಕಲ್ಪ ಉದ್ದ. ಹೊಸ ಸ್ಕೂಟರಿಗೆ ಪೂಜೆ ಮಾಡಿಸಲು ಬಂದವನು ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ವಾಚು ನೋಡುತ್ತಾ ನಿಂತಿರುತ್ತಾನೆ. ಇವರು ಅವನ ಕೈಗೆ ಅಕ್ಷತೆ ಹಾಕಿ, ಒಂದು ಉದ್ಧರಣೆ ನೀರು ಬಿಟ್ಟು, ಬ್ರಹ್ಮನ ಆಯುಸ್ಸಿನಿಂದ ಶುರು ಮಾಡುತ್ತಾರೆ.

ಸಂಕಲ್ಪ ಅಂದರೆ ಮತ್ತೇನಲ್ಲ, ದೇವರಿಗೆ ನಮ್ಮ ವಿಳಾಸ ಕೊಡುವುದು. ನಾನು ಇಂಥವನು, ಕಾಲದ ಇಂಥ ಮೂಲೆಯಲ್ಲಿ, ಭೂಮಿಯ ಇಂಥ ತುದಿಯಲ್ಲಿ ನಿಂತು ಈ ಪೂಜೆ ಮಾಡುತ್ತಿದ್ದೇನಪ್ಪಾ, ನೋಡಿಕೊ ಅಂತ. ಅದೇನು ಸಣ್ಣ ವಿಳಾಸವೇ? ಬ್ರಹ್ಮನಿಗೆ ಐವತ್ತು ವರ್ಷ ತುಂಬಿ ಐವತ್ತೊಂದಕ್ಕೆ ಬಿದ್ದಿದೆ ಅನ್ನುವಲ್ಲಿಂದ ಹಿಡಿದು, ಅದರಲ್ಲಿ ಯಾವ ಕಲ್ಪ, ಕಲ್ಪದಲ್ಲಿ ಯಾವ ಮನು, ಯಾವ ಯುಗ, ಯುಗದ ಯಾವ ಕಾಲುಭಾಗ, ಸಂವತ್ಸರ, ಋತು, ಮಾಸ, ತಿಥಿ ಅಂತ ಇಳಿದು ಇಳಿದು, ಕೊನೆಗೆ ಸ್ಕೂಟರಿನವನ ಗೋತ್ರ, ನಕ್ಷತ್ರ, ಹೆಸರಿಗೆ ಬಂದು ನಿಲ್ಲಬೇಕು. ಬೇರೆ ಪುರೋಹಿತರು ಕಲ್ಪ ಮನ್ವಂತರಗಳನ್ನೆಲ್ಲ ಗಂಟಲಲ್ಲೇ ಗೊಣಗಿ ಒಂದೇ ಉಸಿರಿಗೆ ಹೆಸರಿಗೆ ಹಾರುತ್ತಾರೆ. ಇವರು ಹಾರುವುದಿಲ್ಲ.

“ಸ್ವಾಮಿ, ಸ್ವಲ್ಪ ಶಾರ್ಟಾಗಿ ಮುಗಿಸ್ಬಿಡಿ. ಆಫೀಸಿಗೆ ಲೇಟಾಗ್ತಿದೆ.”

“ಬ್ರಹ್ಮಂದೇ ಅರ್ಧ ಆಯಸ್ಸು ಮುಗೀತು ಕಣಯ್ಯಾ, ಯಾರಾದ್ರೂ ಅರ್ಜೆಂಟು ಮಾಡಿದ್ರಾ? ಹೂಂ, ಹೇಳು, ದ್ವಿತೀಯ ಪರಾರ್ಧೇ...”

ಅವನು ಹೇಳುತ್ತಾನೆ. ಹೇಳದೆ ಏನು ಮಾಡಿಯಾನು, ಕೈಯಲ್ಲಿ ನೀರಿದೆ.

ಜನರಿಗೆ ಇದು ತಮಾಷೆ. ಸೀತಾರಾಮಯ್ಯನವರಿಗೆ ತಮಾಷೆಯಾಗಿರಲಿಲ್ಲ. ಬ್ರಹ್ಮ ಒಮ್ಮೆ ರೆಪ್ಪೆ ಬಡಿಯುವುದರಲ್ಲಿ ಇಲ್ಲಿ ಸಾವಿರ ತಲೆಮಾರು ಹುಟ್ಟಿ, ಮದುವೆಯಾಗಿ, ಜಗಳವಾಡಿ, ಮಣ್ಣಾಗಿರುತ್ತದೆ. ಅಷ್ಟು ದೊಡ್ಡ ಲೆಕ್ಕದ ತುದಿಗೆ ಒಬ್ಬ ಮನುಷ್ಯನ ಹೆಸರು ಬರುತ್ತದಲ್ಲ, ಅದೊಂದು ಜಾಗ ಅವರಿಗೆ ಪ್ರತಿ ಸಲವೂ ಮೈ ಜುಮ್ಮೆನ್ನಿಸುತ್ತಿತ್ತು. ಅವಸರ ಮಾಡಿದರೆ ಆ ಹೆಸರಿಗೆ ಅವಮಾನ ಅಂತ ಅವರ ನಂಬಿಕೆ. ಯಾರಿಗೂ ಹೇಳಿರಲಿಲ್ಲ ಅಷ್ಟೆ.

ಹೆಂಡತಿಗೆ ಮಾತ್ರ ಒಂದು ಸಲ ಹೇಳಿದ್ದರು. ಹೇಳಿ ಕೆಟ್ಟರು.

ಆಕೆ ಅಲಮೇಲಮ್ಮ. ತವರು ಗುಬ್ಬಿ. ಸೀತಾರಾಮಯ್ಯನವರ ಮನೆಗೆ ಸೊಸೆಯಾಗಿ ಬಂದ ದಿನವೇ ಯಾರೋ ‘ಗುಬ್ಬಿ ಹುಡುಗಿ’ ಅಂದರು, ಮೋಟುಗೂದಲಿನ ಸಣ್ಣ ಆಳಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು, ಅಂಟಿಕೊಂಡುಬಿಟ್ಟಿತು. ಮೈದುನನ ಮಕ್ಕಳಿಗೆ ಗುಬ್ಬಿ ದೊಡ್ಡಮ್ಮ, ಭಾವನ ಮಕ್ಕಳಿಗೆ ಗುಬ್ಬಿ ಚಿಕ್ಕಮ್ಮ, ಬೀದಿಯವರಿಗೆ ಪುರೋಹಿತರ ಮನೆಯಮ್ಮ. ಗಂಡನಿಗೆ? ಗಂಡ ಕರೆಯುತ್ತಿದ್ದುದು ‘ಇವಳೇ’ ಅಂತ. ಹೆಂಡತಿಯನ್ನು ಹೆಸರು ಹಿಡಿದು ಕೂಗುವುದು ಆ ಮನೆತನದಲ್ಲಿ ಇರಲಿಲ್ಲ. ಅವರಪ್ಪ ಕೂಗಿರಲಿಲ್ಲ, ಇವರೂ ಕೂಗಲಿಲ್ಲ.

ಆವತ್ತು ಅವರು ದೇವರ ಪೂಜೆ ಮುಗಿಸಿ, ಸಂಕಲ್ಪದ ದೊಡ್ಡಸ್ತಿಕೆಯನ್ನು ಬಣ್ಣಿಸುತ್ತಾ ಕೂತಿದ್ದರು. ಅಲಮೇಲಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು.

“ಅಲ್ಲಾಂದ್ರೆ, ಬ್ರಹ್ಮನ ವಯಸ್ಸು ಹೇಳ್ತೀರಿ. ಗೋದಾವರಿ ಯಾವ ಕಡೆಗಿದೆ, ನಾವ್ಯಾವ ದಡದಲ್ಲಿದೀವಿ ಎಲ್ಲಾ ಹೇಳ್ತೀರಿ. ನಿಮ್ಮ ಹೆಸರೂ ಬರುತ್ತೆ. ನಂದು?”

“ಬರುತ್ತಲ್ಲ. ಧರ್ಮಪತ್ನೀ ಸಮೇತಸ್ಯ. ಧರ್ಮಪತ್ನಿ ಜೊತೆಗಿರೋ ನಾನು, ಅಂತ.”

“ಅದು ನನ್ನ ಹೆಸರಾ? ಯಾವಳು ಹೆಂಡತಿಯಾಗಿ ಬಂದಿದ್ರೂ ಅದೇ ಅಲ್ವಾ ಬರ್ತಿದ್ದದ್ದು?”

“ಶಾಸ್ತ್ರದಲ್ಲಿ ಇರೋದು ಅಷ್ಟೇ ಕಣೇ.”

“ಸರಿ ಬಿಡಿ. ಕೋಟಿ ಕೋಟಿ ವರ್ಷಕ್ಕೆ ಜಾಗ ಇದೆ, ನಾಲ್ಕಕ್ಷರಕ್ಕಿಲ್ಲ.”

ಅಂದು ನಕ್ಕುಬಿಟ್ಟರು. ಮತ್ತೆ ಆ ಮಾತು ಎತ್ತಲಿಲ್ಲ. ಅವರಿಗೆ ಮಕ್ಕಳಾಗಿರಲಿಲ್ಲ, ಅದರ ಮಾತನ್ನೂ ಆಕೆ ಹೀಗೇ ಒಂದು ವಯಸ್ಸಿನ ಮೇಲೆ ಎತ್ತುವುದನ್ನು ಬಿಟ್ಟಿದ್ದರು. ಬೇಡವಾದದ್ದನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಇಡುವುದು ಆಕೆಗೆ ಚೆನ್ನಾಗಿ ಬರುತ್ತಿತ್ತು.

ಹೋದ ವರ್ಷ ಶ್ರಾವಣದಲ್ಲಿ ಅಲಮೇಲಮ್ಮ ಹೋಗಿಬಿಟ್ಟರು. ಕಾಯಿಲೆಯಿಲ್ಲ ಕಸಾಲೆಯಿಲ್ಲ. ಎದೆ ಹಿಡಿದ ಹಾಗಾಗುತ್ತಿದೆ ಅಂದರು, ಆಟೋ ಬರುವಷ್ಟರಲ್ಲಿ ಮುಗಿಯಿತು.

ಕರ್ಮಾಂತರವೆಲ್ಲ ಆಯಿತು. ಬಂದವರು ಊಟ ಮಾಡಿ, ಬಾಗಿಲಲ್ಲಿ ನಿಂತು ಎರಡು ಮಾತಾಡಿ, ಬಸ್ಸಿಗೆ ಹೊತ್ತಾಯಿತು ಅಂತ ಹೊರಟರು. ಆಮೇಲೆ ಒಂದು ದಿನ ಬೆಳಗ್ಗೆ ಸೀತಾರಾಮಯ್ಯನವರು ದೇವರ ಮುಂದೆ ಕೂತು ನೀರು ಹಿಡಿದು ಸಂಕಲ್ಪ ಶುರು ಮಾಡಿದರು. ಕಲ್ಪ ಬಂತು, ಮನು ಬಂದ, ತಿಥಿ ಬಂತು, ತಮ್ಮ ಹೆಸರು ಬಂತು. ನಾಲಿಗೆ ಅದರ ಪಾಡಿಗೆ ‘ಧರ್ಮಪತ್ನೀ ಸಮೇತಸ್ಯ’ ಅಂದಿತು. ಅಂದ ಮೇಲೆ ಹೊಳೆಯಿತು. ಯಾವ ಧರ್ಮಪತ್ನಿ, ಎಲ್ಲಿ ಸಮೇತ? ಆ ಪದ ಇನ್ನು ಮೇಲೆ ಹೇಳುವ ಹಾಗಿಲ್ಲ. ನೀರು ಚೆಲ್ಲಿ, ಮತ್ತೆ ಬ್ರಹ್ಮನಿಂದ ಶುರು ಮಾಡಿದರು. ಮತ್ತೆ ಅದೇ ಜಾಗದಲ್ಲಿ ಅದೇ ಪದ. ಅಯ್ಯೋ ಶಿವನೇ ಅಂತ ಆವತ್ತು ಸಂಕಲ್ಪವಿಲ್ಲದೆಯೇ ಎರಡು ಹೂವು ಏರಿಸಿ ಎದ್ದರು.

ತಿಂಗಳುಗಟ್ಟಲೆ ತಿದ್ದಿದ ಮೇಲೆ ನಾಲಿಗೆ ಸರಿಯಾಯಿತು. ಸರಿಯಾಯಿತು ಅಂದರೆ, ಆ ಜಾಗ ಬಂದಾಗ ಒಂದು ಗಳಿಗೆ ನಿಂತು ಮುಂದಕ್ಕೆ ಹೋಗುತ್ತಿತ್ತು. ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಒಬ್ಬರೇ ಅನ್ನ ಮಾಡಿಕೊಂಡು, ಒಬ್ಬರೇ ಉಂಡು, ಒಬ್ಬರೇ ತಟ್ಟೆ ತೊಳೆದು ಬೋರಲು ಹಾಕುತ್ತಿದ್ದರು. ರೇಡಿಯೋ ಹಾಕಿದರೆ ಇನ್ನೂ ಬೇಜಾರಾಗುತ್ತದೆ ಅಂತ ಅದನ್ನೂ ಹಾಕುತ್ತಿರಲಿಲ್ಲ.

ಈ ವರ್ಷ ಪಿತೃಪಕ್ಷ ಬಂತು. ಮಹಾಲಯ ಅಮಾವಾಸ್ಯೆಯ ದಿನ ತರ್ಪಣಕ್ಕೆ ಕೂತರು. ಅಪ್ಪನ ಹೆಸರು ಹೇಳಿ ಎಳ್ಳುನೀರು ಬಿಟ್ಟರು, ತಾತನ ಹೆಸರು ಹೇಳಿ ಬಿಟ್ಟರು, ಮುತ್ತಾತನ ಹೆಸರು ಹೇಳಿ ಬಿಟ್ಟರು. ಅಲ್ಲಿಗೆ ನಿಲ್ಲುತ್ತದೆ. ಮುತ್ತಾತನ ಅಪ್ಪ ಯಾರು ಅಂತ ಶಾಸ್ತ್ರವೂ ಕೇಳುವುದಿಲ್ಲ, ಇವರಿಗೂ ಗೊತ್ತಿಲ್ಲ. ಎಷ್ಟೋ ಸಾವಿರ ಸಲ ಬೇರೆಯವರಿಂದ ಮಾಡಿಸಿದ್ದ ಕರ್ಮ ಅದು. ಮೂರೇ ತಲೆಮಾರು ಅನ್ನುವುದು ಅವರಿಗೆ ಹೊಸದೇನಲ್ಲ. ಆದರೆ ಆವತ್ತು ಹೆಂಡತಿಯ ಪಾಲಿನ ಎಳ್ಳುನೀರು ಬಿಡುವಾಗ ಒಂದು ಯೋಚನೆ ಹೊಕ್ಕಿತು. ಅಪ್ಪನಿಗೆ ನಾನಿದ್ದೆ. ನನಗೆ ಯಾರಿದ್ದಾರೆ? ನನ್ನದು ಹಾಳಾಗಿ ಹೋಗಲಿ, ಇವಳಿಗೆ? ವರ್ಷಕ್ಕೊಂದು ಸಲ ಇವಳ ಹೆಸರು ಹೇಳುವ ಬಾಯಿ ಈ ಭೂಮಿಯ ಮೇಲೆ ಇರುವುದು ಇದೊಂದೇ. ಇದೂ ಮುಚ್ಚಿದರೆ, ಅಲಮೇಲು ಅನ್ನುವವಳು ಒಬ್ಬಳಿದ್ದಳು ಅನ್ನುವುದೇ ಹೋಯಿತು. ಬ್ರಹ್ಮನಿಗೆ ಇನ್ನೂ ಅರ್ಧ ಆಯುಸ್ಸು ಬಾಕಿಯಿದೆ.

ಮಾರನೆಯ ದಿನವೇ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದರು. ಅಲ್ಲಿ ಅಣ್ಣನ ಮಗ ಗುರುಪ್ರಸಾದ್ ಕಾಲೇಜಿನಲ್ಲಿ ಮೇಷ್ಟ್ರು. ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಬಂದವರಿಗೆ ಕಾಫಿ ಕೊಟ್ಟು, ಫ್ಯಾನು ಹಾಕಿ ಕೂರಿಸಿದ. ಅವನ ಮಗಳು ಅಮೂಲ್ಯಾ ಕೈಯಲ್ಲಿದ್ದ ಮೊಬೈಲು ಬದಿಗಿಟ್ಟು ಬಂದು ಪಕ್ಕದಲ್ಲಿ ಕೂತಳು.

“ತಾತ, ಈ ಇಡೀ ಬ್ರಹ್ಮಾಂಡ ಹುಟ್ಟಿ ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ಆಯ್ತಂತೆ. ನಿಮ್ಮ ಮಂತ್ರದಲ್ಲಿ ಎಷ್ಟು?”

“ಬ್ರಹ್ಮನ ಲೆಕ್ಕದಲ್ಲಿ ಅದು ಎರಡು ದಿನಾನೂ ಆಗಲ್ಲ ಮಗು.”

“ಅಬ್ಬಾ! ಹಾಗಾದ್ರೆ ನಾವು?”

“ನಾವು ಯಾವ ಲೆಕ್ಕ ಬಿಡು,” ಅಂದ ಗುರುಪ್ರಸಾದ್ ನಗುತ್ತಾ.

ಸೀತಾರಾಮಯ್ಯನವರು ನಗಲಿಲ್ಲ. ಬಂದ ವಿಷಯ ಹೇಳಿದರು. ನನ್ನ ನಂತರ ವರ್ಷಕ್ಕೊಂದು ದಿನ ನಿನ್ನ ಚಿಕ್ಕಮ್ಮನಿಗೆ ಎರಡು ಹನಿ ನೀರು ಬಿಡಪ್ಪ, ಹೆಸರು ಹೇಳಿ ಬಿಡು, ಇಷ್ಟೇ ನಾನು ಕೇಳೋದು ಅಂದರು. ಗುರುಪ್ರಸಾದ್ ಇಲ್ಲ ಅನ್ನಲಿಲ್ಲ. ಅಪ್ಪನ ತಿಥಿಯನ್ನೇ ಮಠದಲ್ಲಿ ಹೇಳಿ ಮಾಡಿಸುತ್ತೇನೆ, ಅದರ ಜೊತೆಗೆ ಇದನ್ನೂ ಸೇರಿಸಿದರಾಯಿತು ಅಂದ. ಅಂದು, ಮೊಬೈಲು ತೆಗೆದು ಬರೆದುಕೊಳ್ಳಲು ಹೊರಟವನು ತಡೆದ.

“ಚಿಕ್ಕಪ್ಪ, ಗುಬ್ಬಿ ಚಿಕ್ಕಮ್ಮಂದು ನಿಜವಾದ ಹೆಸರು ಏನು?”

ಅವನ ತಪ್ಪೇನು ಹೇಳಿ! ಹುಟ್ಟಿದಾಗಿನಿಂದ ಗುಬ್ಬಿ ಚಿಕ್ಕಮ್ಮ. ಆಕೆ ಮಾಡಿದ ಚಕ್ಕುಲಿ ತಿಂದು ಬೆಳೆದವನು. ಆಕೆಗೆ ಇನ್ನೊಂದು ಹೆಸರು ಇರಬಹುದು ಅಂತ ಅವನಿಗೆ ಯಾವತ್ತೂ ಬೇಕಾಗಿರಲಿಲ್ಲ. ಸೀತಾರಾಮಯ್ಯನವರಿಗೆ ಅದೆಲ್ಲ ಗೊತ್ತು. ಆದರೂ ಕಾಫಿ ಲೋಟ ಕೆಳಗಿಟ್ಟರು. “ಅಲಮೇಲಮ್ಮ” ಅಂದರು. “ಹಾಂ ಹಾಂ, ಹೌದಲ್ವಾ,” ಅಂದ ಗುರುಪ್ರಸಾದ್. ಊಟಕ್ಕೆ ನಿಲ್ಲದೆ ಬಂದುಬಿಟ್ಟರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತರು. ಅಳು ಅಣ್ಣನ ಮಗನ ಮೇಲಿನದಾಗಿರಲಿಲ್ಲ. ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದ ನಾನು ಕರೆಯಲೇ ಇಲ್ಲವಲ್ಲ ಅನ್ನುವುದು ಈಗ ತಾನೇ ಗೊತ್ತಾಗಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಒಂದು ಸಲ, ಒಂದೇ ಒಂದು ಸಲ ‘ಅಲಮೇಲೂ’ ಅಂದಿದ್ದರೆ ಗಂಟೇನು ಹೋಗುತ್ತಿತ್ತು?

ಮಾರನೆಯ ಬೆಳಗ್ಗೆ ದೇವರ ಮುಂದೆ ಕೂತು ಶಾಸ್ತ್ರವನ್ನು ಮುರಿದರು. ಗೊತ್ತಿದ್ದೂ ಗೊತ್ತಿದ್ದೂ ಮುರಿದರು. ಕಾಶ್ಯಪ ಗೋತ್ರದಲ್ಲಿ ಹುಟ್ಟಿದ ಸೀತಾರಾಮ ಶರ್ಮ ಅನ್ನುವುದು ಆದ ಮೇಲೆ, ತಿಂಗಳುಗಟ್ಟಲೆ ನುಂಗಿದ್ದ ಪದವನ್ನು ಹೊರಗೆ ತಂದು, ಅದಕ್ಕೆ ಹೆಸರನ್ನೂ ಸೇರಿಸಿ, ಗಟ್ಟಿಯಾಗಿ ಹೇಳಿದರು. “ಅಲಮೇಲು ನಾಮ್ನ್ಯಾ ಧರ್ಮಪತ್ನ್ಯಾ ಸಮೇತಸ್ಯ.” ಅಲಮೇಲು ಎಂಬ ಹೆಸರಿನ ಧರ್ಮಪತ್ನಿ ಜೊತೆಗಿರುವ ನಾನು. ಸುಳ್ಳು ಸಂಕಲ್ಪ. ದೇವರು ಬೇಕಾದರೆ ಕೇಸು ಹಾಕಿಕೊಳ್ಳಲಿ ಅಂದುಕೊಂಡರು. ನವರಾತ್ರಿಯ ದಿನಗಳಲ್ಲೆಲ್ಲ ಬೆಳಗ್ಗೆ ಸಂಜೆ ಹೀಗೇ ಹೇಳಿದರು. ನಾಲಿಗೆಗೆ ಹೊಸ ದಾರಿ ಬಿತ್ತು.

ಆಯುಧಪೂಜೆಯ ದಿನ ಹಿರೇಹಳ್ಳಿಯ ಇಂಡಸ್ಟ್ರಿಯಲ್ ಏರಿಯಾದಿಂದ ಒಂದು ಹೊಸ ವರ್ಕ್‌ಶಾಪಿನವರು ಕಾರು ಕಳಿಸಿದ್ದರು. ಮಾಲೀಕ ಭೀಮರಾಜ್, ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯವನು. ಹತ್ತಾರು ವರ್ಷ ಬೇರೆಯವರ ಲೇತ್ ಓಡಿಸಿ, ಈಗ ಸ್ವಂತಕ್ಕೆ ಶೆಡ್ಡು ಹಾಕಿದ್ದ. ಮೆಷಿನ್ನುಗಳಿಗೆಲ್ಲ ಬಾಳೆಕಂದು ಕಟ್ಟಿ, ಚೆಂಡು ಹೂವು ಇಳಿಬಿಟ್ಟು, ಕುಂಕುಮ ಬಳಿದ ಬೂದುಗುಂಬಳ ಬಾಗಿಲಲ್ಲಿ ಇಟ್ಟಿದ್ದರು. ಕೆಲಸದವರು ಮಡದಿ ಮಕ್ಕಳ ಸಮೇತ ಶೆಡ್ಡಿನ ತುಂಬ ನೆರೆದಿದ್ದರು. ಎಲ್ಲರಿಗೂ ಕೇಳಲಿ ಅಂತ ಭೀಮರಾಜ್ ಮೈಕು ಬೇರೆ ತರಿಸಿದ್ದ. ರೇಷ್ಮೆ ಸೀರೆಯುಟ್ಟ ಹೆಂಡತಿ ಆಶಾರಾಣಿ ಅವನ ಬಲಕ್ಕೆ ಕೂತಿದ್ದಳು.

“ನಾನು ಹೇಳಿದ್ದನ್ನ ಹಾಗೇ ಹೇಳಿ. ಹಿಂದಿರೋರೂ ಕೈಮುಗಿದು ಹೇಳ್ಬೋದು,” ಅಂದರು ಸೀತಾರಾಮಯ್ಯನವರು. “ನಿಮ್ಮ ಗೋತ್ರ?”

“ಗೋತ್ರ ಗೀತ್ರ ಗೊತ್ತಿಲ್ಲ ಸ್ವಾಮಿ.”

“ಗೊತ್ತಿಲ್ಲದೋರಿಗೆ ಕಾಶ್ಯಪ ಗೋತ್ರ. ತಪ್ಪೇನಿಲ್ಲ.”

ಇಲ್ಲೇ ಎಡವಟ್ಟಾಯಿತು ನೋಡಿ. ಬ್ರಹ್ಮ, ಕಲ್ಪ, ಮನು ಎಲ್ಲ ಸಾಂಗವಾಗಿ ಆಯಿತು. ಶೆಡ್ಡಿನ ತುಂಬ ಜನ ತೊದಲುತ್ತಾ ನಗುತ್ತಾ ಹಿಂದಿನಿಂದ ಹೇಳುತ್ತಿದ್ದರು. “ಕಾಶ್ಯಪ ಗೋತ್ರೋದ್ಭವಸ್ಯ,” ಅಂದರು. ಜನ ಅಂದರು. “ಭೀಮರಾಜ ನಾಮಧೇಯಸ್ಯ.” ಜನ ಅಂದರು. ಕಾಶ್ಯಪ ಅನ್ನುವುದು ಸೀತಾರಾಮಯ್ಯನವರ ಸ್ವಂತ ಗೋತ್ರ. ಆ ಪದ ಬಾಯಿಗೆ ಬಂದದ್ದೇ ತಡ, ನಾಲಿಗೆ ಹಿರೇಹಳ್ಳಿ ಬಿಟ್ಟು ಉಪ್ಪಾರಹಳ್ಳಿಯ ದೇವರ ಮನೆಗೆ ಹೋಗಿ ಕೂತಿತ್ತು.

“ಅಲಮೇಲು ನಾಮ್ನ್ಯಾ ಧರ್ಮಪತ್ನ್ಯಾ ಸಮೇತಸ್ಯ.”

“ಅಲಮೇಲು,” ಅಂದ ಭೀಮರಾಜ್ ಮೈಕಿನಲ್ಲಿ. “ಅಲಮೇಲು,” ಅಂದಿತು ಶೆಡ್ಡು. ಗಂಡಸರು, ಹೆಂಗಸರು, ಮಕ್ಕಳು, ಒಟ್ಟಿಗೆ, ಒಂದೇ ಗಂಟಲಲ್ಲಿ. ತಗಡಿನ ಮಾಡಿಗೆ ಬಡಿದು ಅದು ಇನ್ನೊಂದು ಸಲ ಕೇಳಿಸಿತು.

ಸೀತಾರಾಮಯ್ಯನವರ ಕೈಯಲ್ಲಿದ್ದ ಉದ್ಧರಣೆ ತಟ್ಟೆಗೆ ಬಿತ್ತು.

“ಯಾರ್ರೀ ಅದು ಅಲಮೇಲು?” ಆಶಾರಾಣಿ ಗಂಡನ ಕಡೆ ತಿರುಗಿದಳು. ಮೈಕು ಅವಳದನ್ನೂ ಎಲ್ಲರಿಗೂ ಕೇಳಿಸಿತು. ಶೆಡ್ಡು ಗೊಳ್ಳೆಂದಿತು.

“ಅಯ್ಯೋ, ನಂಗೇನ್ ಗೊತ್ತು ಮಾರಾಯ್ತಿ! ಸ್ವಾಮಿಗಳು ಅಂದ್ರು, ನಾನೂ ಅಂದೆ!”

“ಧರ್ಮಪತ್ನಿ ಅಂತ ಬೇರೆ ಅಂದ್ರಲ್ಲ! ನಾನೇನ್ ಇಲ್ಲಿ ಕಂಬ ಕಾಯಕ್ಕೆ ಕೂತಿದೀನಾ?”

ನಗು ಇನ್ನೂ ಜೋರಾಯಿತು. ಸೀತಾರಾಮಯ್ಯನವರು ಒಬ್ಬರೇ ನಗಲಿಲ್ಲ. ಇಷ್ಟು ವರ್ಷದ ವೃತ್ತಿಯಲ್ಲಿ ಒಂದಕ್ಷರ ತಪ್ಪದವರು, ಗೃಹಸ್ಥರ ಸಂಕಲ್ಪದಲ್ಲಿ ಸತ್ತವಳ ಹೆಸರು ತೂರಿಸಿದ್ದರು, ಅದೂ ಶುಭಕಾರ್ಯದಲ್ಲಿ. ಕೈ ಜೋಡಿಸಿದರು.

“ತಾಯಿ, ನನ್ನಿಂದ ದೊಡ್ಡ ಅಪರಾಧ ಆಯ್ತು. ಅದು ನನ್ನ ಮನೆಯೋಳ ಹೆಸರು. ಹೋದ ವರ್ಷ ತೀರಿಕೊಂಡ್ಲು. ಮನೇಲಿ ಹೇಳಿ ಹೇಳಿ ಬಾಯಿಗೆ ಬಂದ್ಬಿಡ್ತು. ಬೇಕಾದ್ರೆ ಬೇರೆ ಪುರೋಹಿತರನ್ನ ಕರೆಸಿ, ನಾನು ಎದ್ದು ಹೋಗ್ತೀನಿ.”

ನಗು ನಿಂತಿತು. ಭೀಮರಾಜ್ ಮೈಕು ಆಫ್ ಮಾಡಿದ. ಆಶಾರಾಣಿ ಅವರನ್ನೇ ನೋಡಿದಳು.

“ಕೂತ್ಕಳಿ ಅಯ್ನೋರೇ, ಎಲ್ಲಿಗೋಗ್ತೀರಿ? ಮೊದ್ಲಿಂದ ಹೇಳ್ಸಿ, ಹೇಳ್ತೀವಿ.”

ಮೊದಲಿಂದ ಹೇಳಿಸಿದರು. ಬ್ರಹ್ಮನಿಂದ. ಈ ಸಲ ‘ಶಾರ್ಟಾಗಿ ಮುಗಿಸಿ’ ಅಂತ ಯಾರೂ ಅನ್ನಲಿಲ್ಲ. ಭೀಮರಾಜನ ಹೆಸರಾದ ಮೇಲೆ ಶಾಸ್ತ್ರ ಹೇಳುವಷ್ಟಕ್ಕೆ ನಿಲ್ಲದೆ “ಆಶಾರಾಣಿ ನಾಮ್ನ್ಯಾ” ಅಂತ ಸೇರಿಸಿದರು. ತನ್ನ ಹೆಸರು ಕೇಳಿ ಅವಳು ತಟಕ್ಕನೆ ನೆಟ್ಟಗೆ ಕೂತಳು.

ಪೂಜೆ ಮುಗಿದು, ಕುಂಬಳ ಒಡೆದು, ಜನ ಕಡ್ಲೆಪುರಿ ಹಂಚಿಕೊಳ್ಳುತ್ತಿದ್ದಾಗ ಅವಳು ಬಾಳೆಹಣ್ಣಿನ ತಟ್ಟೆ ಹಿಡಿದು ಅವರ ಹತ್ತಿರ ಬಂದಳು.

“ಮಕ್ಳು ಏನ್ ಮಾಡ್ಕಂಡವ್ರೆ ಅಯ್ನೋರೇ?”

“ಮಕ್ಕಳಿಲ್ಲಮ್ಮ.”

“ಮತ್ತೆ ಆಯಮ್ಮಂಗೆ ನಿಮ್ಮಿಂದೀಚೆಗೆ ಯಾರು?”

ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. “ಯಾರೂ ಇಲ್ಲ,” ಅಂದರು.

“ನಮ್ಮ ಕೊತ್ತಗೆರೆ ಮನೇಲಿ ಪಕ್ಷಕ್ಕೆ ಎಡೆ ಇಕ್ತೀವಿ. ನಮ್ಮತ್ತೆ ದೊಡ್ಡಗಂಗಮ್ಮ ಒಬ್ಬೊಬ್ರುದೇ ಹೆಸ್ರು ಹಿಡ್ದು ಕೂಗ್ತಾರೆ, ಬಂದು ಉಣ್ರಪ್ಪಾ ಅಂತ. ನಂಟ್ರು, ನೆರೆಯೋರು, ನಮ್ಮನೇಲಿ ಜೀತಕ್ಕಿದ್ದಂಗೆ ದುಡ್ದ ಎತ್ತುನ್ನೂ ಬುಡಲ್ಲ. ಅತ್ತೆ ಆದ್ಮೇಲೆ ನಾನು, ನಾನಾದ್ಮೇಲೆ ನನ್ ಸೊಸೆ. ಮುಂದಿನ್ ಪಕ್ಷದಿಂದ ಅಲಮೇಲಮ್ಮ ಅಂತಾನೂ ಒಂದ್ ಕೂಗು ಕೂಗ್ತೀವಿ ಬುಡಿ. ಅದುಕ್ಕೇನಂತೆ!”

ಗೋತ್ರವಿಲ್ಲ, ಮಂತ್ರವಿಲ್ಲ, ಮೂರೇ ತಲೆಮಾರು ಅನ್ನುವ ಬೇಲಿಯಿಲ್ಲ. ಸೀತಾರಾಮಯ್ಯನವರ ಶಾಸ್ತ್ರದ ಪ್ರಕಾರ ಆ ಕೂಗು ಎಲ್ಲಿಗೂ ಮುಟ್ಟುವುದಿಲ್ಲ. ಆದರೆ ಒಬ್ಬಳು ಹೆಂಗಸು ಅಂಗಳದಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತಾಳೆ. ಇವರು ಇದ್ದವಳನ್ನೇ ಕರೆದಿರಲಿಲ್ಲ.

ಅವರು ಬಾಳೆಹಣ್ಣಿಗೆ ಕೈ ಚಾಚದ್ದನ್ನು ಕಂಡು ಆಶಾರಾಣಿಗೆ ಅಳುಕಾಯಿತು. “ನಮ್ಮೋರಿಗೆ ಬಾಡು ಗೀಡು ಇಕ್ತೀವಿ, ಅದ್ಕೇ ಯೋಚ್ನೆ ಮಾಡ್ತಿದೀರೇನೋ. ಆಯಮ್ಮಂಗೆ ಬೇರೆ ಎಲೆ ಹಾಕ್ತೀವಿ. ಬೇರೆ ಪಾತ್ರೇಲಿ ಬರೀ ಸೊಪ್ಪಿನ್ ಸಾರು, ಅನ್ನ. ಈರುಳ್ಳಿ ಬೆಳ್ಳುಳ್ಳಿ ಏನೂ ಮುಟ್ಸಲ್ಲ.”

ಪುರೋಹಿತರ ಅಡುಗೆಮನೆಗೆ ಬೆಳ್ಳುಳ್ಳಿ ಯಾವತ್ತೂ ಬಂದದ್ದಿಲ್ಲ. ಅಲಮೇಲಮ್ಮ ಮಾತ್ರ ಮಧ್ಯಾಹ್ನ ಆಗಾಗ ಪಕ್ಕದ ಮನೆ ರೂಪಶ್ರೀ ಹತ್ತಿರ ಮಾತಾಡಿಕೊಂಡು ಬರುತ್ತೇನೆ ಅಂತ ಹೋಗುತ್ತಿದ್ದರು. ಬರುವಾಗ ಬಾಯಲ್ಲಿ ಏಲಕ್ಕಿ. ಏಲಕ್ಕಿಯ ಹಿಂದಿನಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಗಂಡನಿಗೆ ಮೂಗಿರಲಿಲ್ಲವೇ? ಇತ್ತು. ಗೊತ್ತಿಲ್ಲದವರ ಹಾಗೆ ಪಂಚಾಂಗ ತಿರುವುತ್ತಿದ್ದರು. ತನಗೆ ಗೊತ್ತಿದೆ ಅಂತ ಆಕೆಗೆ ಗೊತ್ತಿತ್ತೋ ಇಲ್ಲವೋ, ಅದು ಇನ್ನು ಕೇಳಿ ತಿಳಿಯುವಂಥದ್ದಲ್ಲ.

ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಂಡರು.

“ಬೆಳ್ಳುಳ್ಳಿ ಹಾಕಮ್ಮ,” ಅಂದರು. “ಧಾರಾಳವಾಗಿ ಹಾಕು. ಅಲಮೇಲುಗೆ ಬೆಳ್ಳುಳ್ಳಿ ಅಂದ್ರೆ ಪ್ರಾಣ.”